ಖಾಲಿ ನಾಟಕಗೃಹದ ದರ್ಶನ

ನಾಟಕವಿಲ್ಲದ ಹೊತ್ತಿನಲ್ಲಿ ನಾಟಕಗೃಹವನ್ನು ನೋಡುವ ಪದ್ಧತಿಯೊಂದು ಮುಂಬಯಿಯಲ್ಲಿ ಈಚಿನ ವರ್ಷಗಳಲ್ಲಿ ಬೆಳೆಯುತ್ತಿದೆ. ಟಿಕೀಟು ಕೊಂಡ ಹತ್ತಿಪ್ಪತ್ತು ಜನ ಬಾಗಿಲಲ್ಲಿ ಸೇರುತ್ತಾರೆ. ಗೈಡು ಮುಂದೆ, ಜನ ಹಿಂದೆ. ಇಂಥ ವರ್ಷ ಕಟ್ಟಿದ್ದು, ಇಂಥ ದೊರೆ ಉದ್ಘಾಟಿಸಿದ್ದು, ಈ ತೂಗುದೀಪ ಇಂಥ ಮನೆತನದ ದಾನ ಎಂದು ವಿವರಣೆ ನಡೆಯುತ್ತದೆ. ಫೋಟೋ ತೆಗೆಯಲು ಹತ್ತು ನಿಮಿಷ. ಕೆಲವು ಸಲ ಕೊನೆಯಲ್ಲಿ ಒಂದು ಸಣ್ಣ ಗಾಯನವೋ ಭಾಷಣವೋ ಇದ್ದು, ಅದಕ್ಕೆ ‘ವಿಶೇಷ ಕಾರ್ಯಕ್ರಮ’ ಎಂಬ ಹೆಸರಿರುತ್ತದೆ. ನಾಟಕಕ್ಕೂ ಪುಸ್ತಕಕ್ಕೂ ವಿಮರ್ಶೆ ಇರುವಾಗ ಇಂಥ ದರ್ಶನಕ್ಕೆ ಏಕಿರಬಾರದು? ನಾಲ್ಕು ಜನರ ಟಿಕೀಟಿನ ಹಣದಲ್ಲಿ ನಮ್ಮಂಥವರ ಮನೆಗೆ ಒಂದು ವಾರದ ತರಕಾರಿ ಬರುತ್ತದೆ. ಕೊಟ್ಟ ಹಣಕ್ಕೆ ಕಂಡದ್ದೇನು ಎಂದು ಕೇಳುವ ಹಕ್ಕು ಕೊಟ್ಟವರಿಗೆ ಇದ್ದೇ ಇದೆ.

ಮುಂಬಯಿಯಲ್ಲಿ ಐತಿಹಾಸಿಕ ನಾಟಕಗೃಹ ಎಂದೊಡನೆ ಎಲ್ಲರ ಬೆರಳೂ ಚರ್ನಿ ರೋಡಿನ ರಾಯಲ್ ಒಪೆರಾ ಹೌಸಿನ ಕಡೆಗೆ ತಿರುಗುತ್ತದೆ. ತಿರುಗಬೇಕಾದದ್ದೇ. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಾಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಆದರೂ ಉದ್ಘಾಟನೆ ಆಗಿಹೋಯಿತು, ಕೆಲಸ ಮುಗಿದದ್ದು 1912ರಲ್ಲಿ. (ಈ ಸಂಪ್ರದಾಯ ಇಂದಿಗೂ ಅಳಿದಿಲ್ಲವೆಂಬುದು ಸರಕಾರಿ ಕಚೇರಿಯವರಾದ ನಮಗೆ ಗೊತ್ತಿದ್ದದ್ದೇ.) ವಿಲಾಯತಿ ಸಂಗೀತದವರು ಬಂದುಹೋದರು, ಬಾಲಗಂಧರ್ವ, ಮಾಸ್ಟರ್ ದೀನಾನಾಥರಂಥವರು ಹಾಡಿದರು, ಪೃಥ್ವಿರಾಜ ಕಪೂರರು ನಾಟಕ ಆಡಿದರು, ಆಮೇಲೆ ಸಿನೆಮಾ ಬಂತು. 1993ರಲ್ಲಿ ಬಾಗಿಲು ಬಿತ್ತು. ಮಾಲೀಕರಾದ ಗೊಂಡಲ್ ರಾಜಮನೆತನದವರು ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರಿಂದ ಅದನ್ನು ವರ್ಷಗಟ್ಟಲೆ ದುರಸ್ತಿ ಮಾಡಿಸಿ, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು. ಮರುವರ್ಷ ಯುನೆಸ್ಕೋದ ಪ್ರಶಸ್ತಿಯೂ ದೊರಕಿತು. ಭಾರತದಲ್ಲಿ ಉಳಿದಿರುವ ಒಪೆರಾ ಹೌಸ್ ಇದೊಂದೇ. ಆ ಮಾಳಿಗೆಯ ಚಿತ್ತಾರವನ್ನು, ಪದರಪದರವಾಗಿ ಬಳಿದಿದ್ದ ಬಣ್ಣ ಕೆರೆದು ಹೊರತಂದ ಮೊದಲಿನ ಕಾಂತಿಯನ್ನು ನೋಡಿದವರು ಕೆಲಸ ಮಾಡಿದವರ ಶ್ರದ್ಧೆಗೆ ತಲೆದೂಗದೆ ಇರಲಾರರು. ಕಟ್ಟಡದ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಹಳೆಯ ರಂಗಮಂದಿರಗಳನ್ನು ತೋರಿಸುವ ರೀತಿಯ ಮೇಲೆ.

ದಕ್ಷಿಣ ಮುಂಬಯಿಯಲ್ಲಿ ಇಂಥ ನಡಿಗೆಗಳನ್ನು ನಡೆಸುವ ಖಾಸಗಿ ಗುಂಪೊಂದರ ಜೊತೆಗೆ ಕಳೆದ ಚಳಿಗಾಲದಲ್ಲಿ ನಾವೂ ಡೊಂಬಿವಲಿಯಿಂದ ಸಂಸಾರ ಸಮೇತ ಹೋಗಿದ್ದೆವು. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪನವರೂ ಜೊತೆಗಿದ್ದರು. ಗೈಡು ಚುರುಕಾದ ಹುಡುಗಿ, ಓದಿಕೊಂಡವಳು. ರಂಗದ ಮುಂದೆ ನಿಂತು ಅವಳು ಒಮ್ಮೆ ಚಪ್ಪಾಳೆ ತಟ್ಟಿ, “ಕೇಳಿದಿರಾ? ಆಗ ನಟರಿಗೆ ಮೈಕು ಬೇಕಾಗಿರಲಿಲ್ಲ” ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ನಮ್ಮಲ್ಲಿ ಕಡತಗಳ ಧೂಳಿನಡಿ ಹೂತುಹೋಗಿದ್ದರೂ ಆ ಚಪ್ಪಾಳೆಯಿಂದ ತುಸು ಮೇಲೆದ್ದಿತು. 1895ರ ಸುಮಾರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಾತಿನ ಗುಂಯ್‌ಗುಟ್ಟುವಿಕೆ ನಿಲ್ಲುವುದರೊಳಗೆ ಹತ್ತು ಮಾತು ಬಂದು ಅದರ ಮೇಲೆ ಬೀಳುತ್ತಿದ್ದವು. ವ್ಯಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರು ಹತ್ತಿರದ ನಾಟಕಗೃಹದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಅಲ್ಲಿಗೆ ಸಾಗಿಸಿ, ಒಂದು ಆರ್ಗನ್ ಕೊಳವೆ ನುಡಿಸಿ, ಗಡಿಯಾರ ಹಿಡಿದು, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕು ಎಂದು ಅಳೆದರು. ಕೂತ ಒಬ್ಬ ಮನುಷ್ಯ ಸುಮಾರು ಆರು ಮೆತ್ತೆಗಳಷ್ಟು ಸದ್ದನ್ನು ಹೀರುತ್ತಾನೆ ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ಅಂದಮೇಲೆ ಖಾಲಿ ಮಂದಿರದಲ್ಲಿ ತಟ್ಟಿದ ಚಪ್ಪಾಳೆಯಿಂದ ತುಂಬಿದ ಮಂದಿರದ ಸ್ವರ ತಿಳಿಯುವುದು ಹೇಗೆ? ಸೀರೆ-ಧೋತರ-ಕೋಟುಗಳ ಸಮೇತ ಒತ್ತಾಗಿ ಕೂತ ಜನ ಆ ಕಟ್ಟಡದ ಗೋಡೆಗಳಷ್ಟೇ ಅದರ ಭಾಗವಾಗಿದ್ದರು. ಬಾಲಗಂಧರ್ವರು ಹಾಡಿದ್ದು ಆ ಕಟ್ಟಡದಲ್ಲಿ. ನಾವು ಕೇಳಿದ್ದು ಬೇರೆಯ ಕಟ್ಟಡದ ಸದ್ದನ್ನು.

ದೊಡ್ಡಪ್ಪನವರು ಕಂಪನಿ ನಾಟಕಗಳನ್ನು ರಾತ್ರಿ ರಾತ್ರಿ ನೋಡಿ ಬೆಳೆದವರು. ಅವರಿಗೆ ಸೇಬಿನ್ ಗೊತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಅವರೇ ಕೇಳಿದರು. “ಬೇಟಿ, ಪೇಟಿ-ತಬಲಾದವರು ಎಲ್ಲಿ ಕೂಡತಿದ್ರು? ಎರಡಾಣೆ ಕೊಟ್ಟವರನ್ನ ಎಲ್ಲಿ ಕೂಡಿಸ್ತಿದ್ರು? ಒನ್ಸ್‌ಮೋರ್ ಅಂತ ಕೂಗಿದಾಗ ಪಾತ್ರದವರು ಏನ್ ಮಾಡ್ತಿದ್ರು?” ಹಿಂದಿ, ಮರಾಠಿ, ಹುಬ್ಬಳ್ಳಿ ಕನ್ನಡ ಮೂರನ್ನೂ ಬೆರೆಸಿ ಕೇಳಿದ್ದನ್ನು ನಾವು ತಿಳಿಸಿ ಹೇಳಬೇಕಾಯಿತು. ಹುಡುಗಿ ಪ್ರಾಮಾಣಿಕಳು, ತಿಳಿದುಕೊಂಡು ಹೇಳುತ್ತೇನೆ ಎಂದು ಬರೆದುಕೊಂಡಳು. ಕೊರತೆ ಅವಳದಲ್ಲ. ಅವಳ ಕೈಗೆ ಕೊಟ್ಟ ಕಾಗದದಲ್ಲಿ ಕಟ್ಟಿಸಿದವರ, ಕೊಂಡವರ, ದಾನ ಕೊಟ್ಟವರ ಹೆಸರುಗಳಿದ್ದವು. ಆಡಿದವರಿಗೆ ಒಂದು ವಾಕ್ಯ ಸಿಕ್ಕಿತ್ತು, ನೋಡಿದವರಿಗೆ ಅದೂ ಇಲ್ಲ.

ಹೊರಗಿನ ಲೋಕದಲ್ಲಿ ಬೇರೆ ಬಗೆಯೂ ಇದೆ. ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ಗ್ಲೋಬ್ ನಾಟಕಗೃಹವನ್ನು ಹಳೆಯ ಮಾದರಿಯಲ್ಲಿ ಮತ್ತೆ ಕಟ್ಟಿ 1997ರಲ್ಲಿ ತೆರೆದರು. ಅಲ್ಲಿಯೂ ಗೈಡುಗಳಿದ್ದಾರೆ. ಆದರೆ ಒಂದು ಪೆನ್ನಿ ಕೊಟ್ಟು ನಿಂತು ನೋಡುತ್ತಿದ್ದ ಹಿಂದಿನ ಜನರ ಅಂಗಳವನ್ನೂ ಅವರು ಉಳಿಸಿಕೊಂಡಿದ್ದಾರೆ. ಇಂದಿಗೂ ಕಡಿಮೆ ದರದಲ್ಲಿ ಅಲ್ಲಿ ನಿಂತು ನಾಟಕ ನೋಡಬಹುದು. ನಮ್ಮಲ್ಲಿ ಗಿರಣಿ ಕಾರ್ಮಿಕರ ನಾಟಕಗಳಿಗೆ ನೆಲೆಯಾಗಿದ್ದ, ನೂರು ವರ್ಷ ಕಂಡ ಪರೇಲಿನ ದಾಮೋದರ ನಾಟ್ಯಗೃಹವನ್ನು ಮರುನಿರ್ಮಾಣದ ಹೆಸರಿನಲ್ಲಿ 2023ರಲ್ಲಿ ಮುಚ್ಚಿದರು. ತೂಗುದೀಪವಿಲ್ಲದ ಇಂಥ ಮಂದಿರಗಳಿಗೆ ನಡಿಗೆಯವರು ಬರುವುದು ಕಡಿಮೆ.

ಇರಲಿ, ಅದು ದಾದರದ ಆಚೆಯ ಸಮಾಚಾರ. ನಮ್ಮ ಊರುಗಳ ಕಡೆ ಬರೋಣ. ಠಾಣೆಯ ತಲಾವ್‌ಪಾಳಿಯ ದಂಡೆಯಲ್ಲಿ 1978ರಿಂದ ನಿಂತಿರುವ ಗಡಕರಿ ರಂಗಾಯತನ ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರಿನದು. ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರಿನದಿದೆ. ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ. ಅತ್ರೆಯವರು ನಾಟಕಕಾರರೂ ಹೌದು, ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮುಂದಾಳೂ ಹೌದು. ಅವರ ಹೆಸರಿನ ಮಂದಿರದಲ್ಲಿ ರಾಜ್ಯೋತ್ಸವದ ನಾಟಕ ಆಡಿದರೆ ಹೇಗಿದ್ದೀತು ಎಂದು ಎಣಿಸಿ ನಮಗೆ ಒಳಗೊಳಗೇ ನಗು ಬಂದದ್ದುಂಟು. ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ. ಎಲ್ಲವೂ ನಗರಪಾಲಿಕೆಯ ಸಿಮೆಂಟು ಕಟ್ಟಡಗಳು; ಯಾವ ಗೈಡೂ ಜನರನ್ನು ಕಟ್ಟಿಕೊಂಡು ಅಲ್ಲಿಗೆ ಬಂದದ್ದನ್ನು ನಾವು ಕಂಡಿಲ್ಲ. ಆದರೆ ಕನ್ನಡಿಗರಾದ ನಮಗೆ ಒಪೆರಾ ಹೌಸಿಗಿಂತ ದೊಡ್ಡ ಇತಿಹಾಸ ಈ ಕೊನೆಯದರ ನಾಮಫಲಕದಲ್ಲೇ ಇದೆ.

ವಿಷ್ಣುದಾಸ ಭಾವೆಯವರು ಸಾಂಗಲಿಯವರು, ಮರದ ಗೊಂಬೆ ಮಾಡುವುದರಲ್ಲಿ ನಿಪುಣರು. 1842ರ ಸುಮಾರಿಗೆ ಕರ್ನಾಟಕದ ಒಂದು ಭಾಗವತ ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿ ಅಲ್ಲಿಯ ರಾಜ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅದು ಹೊನ್ನಾವರದ ಹತ್ತಿರದ ಕರ್ಕಿಯ ಮೇಳವೆಂದು ಯಕ್ಷಗಾನದ ಇತಿಹಾಸ ಬರೆದವರು ಹೇಳುತ್ತಾರೆ. ರಾಜರಿಗೆ ಆಟ ಹಿಡಿಸಿತು. ಅದರಲ್ಲಿ ಒರಟುತನವೂ ಕಂಡಿತೆಂದು ಮರಾಠಿ ಇತಿಹಾಸಕಾರರು ಸೇರಿಸುತ್ತಾರೆ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಇಂಥದ್ದನ್ನು ಮರಾಠಿಯಲ್ಲಿ ತಿದ್ದಿ ತೀಡಿ ಮಾಡು ಎಂದು ರಾಜರು ತರುಣ ಭಾವೆಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ನವೆಂಬರ್ 5ನ್ನು ಮರಾಠಿಯವರು ರಂಗಭೂಮಿ ದಿನವೆಂದು ಆಚರಿಸುವುದು ಆ ನೆನಪಿಗಾಗಿ. 1853ರಲ್ಲಿ ಭಾವೆಯವರು ತಮ್ಮ ಮಂಡಳಿಯನ್ನು ಮುಂಬಯಿಗೆ ತಂದು ಗ್ರ್ಯಾಂಟ್ ರೋಡಿನ ನಾಟಕಶಾಲೆಯಲ್ಲಿ ಆಡಿದರು.

ಆ ಆಟ ಹೇಗಿತ್ತು? ಸೂತ್ರಧಾರ ರಂಗದ ಮೇಲೆಯೇ ನಿಂತು ಪದವನ್ನೆಲ್ಲ ಹಾಡುವುದು. ಮೊದಲು ಗಣಪತಿ, ಆಮೇಲೆ ನವಿಲಿನ ಮೇಲೆ ಸರಸ್ವತಿ. ನಡುವೆ ವಿದೂಷಕನ ತಮಾಷೆ. ಮಾತು ಬರೆದದ್ದಿಲ್ಲ, ಪದದ ಅರ್ಥ ಹಿಡಿದು ಪಾತ್ರಧಾರಿಯೇ ಹುಟ್ಟಿಸಿಕೊಳ್ಳುವುದು. ರಾಕ್ಷಸ ಬಂದರೆ ಬೊಬ್ಬೆ. ಕುಂದಾಪುರದ, ಉಡುಪಿಯ ಕಡೆಯ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕೆ? ಭಾಗವತ, ಹಾಸ್ಯಗಾರ, ಅರ್ಥಗಾರಿಕೆ, ಬಣ್ಣದ ವೇಷದ ಅಬ್ಬರ ಎಲ್ಲವೂ ಅಲ್ಲಿದೆ.

ಕಥೆ ಇಲ್ಲಿಗೇ ನಿಂತರೆ ಅದು ಬರೀ ಜಂಬದ ಕಥೆಯಾದೀತು. ಹೋದದ್ದು ಮತ್ತೆ ತಿರುಗಿ ಬಂತು. ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಬೀಡುಬಿಟ್ಟು ಜನರನ್ನು ಎಷ್ಟು ಮರುಳು ಮಾಡಿದವೆಂದರೆ, ಕನ್ನಡದ ಊರುಗಳಲ್ಲಿ ಕನ್ನಡ ನಾಟಕವೇ ಇಲ್ಲದಂತಾಯಿತು. ಅದನ್ನು ಕಂಡು ತಾಳಲಾರದೆ 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿಸಿ ನಾಟಕ ಬರೆದವರು ಶಾಂತಕವಿಗಳು, ಸಕ್ಕರಿ ಬಾಳಾಚಾರ್ಯರು. ಕಟ್ಟುವಾಗ ಕಣ್ಣ ಮುಂದಿದ್ದದ್ದು ಮರಾಠಿಯ ಮಾದರಿಯೇ. ಇತ್ತ 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಊರು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಮರಾಠಿ ರಂಗದಲ್ಲಿ ಸ್ತ್ರೀ ಪಾತ್ರಗಳನ್ನು ಆಡಿ ಹೆಸರಾದ ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಅವರ ಶಿಷ್ಯರು. ಯಾರು ಯಾರಿಗೆ ಎಷ್ಟು ಸಾಲ ಎಂದು ಲೆಕ್ಕ ಬರೆಯಹೊರಟರೆ ನಮ್ಮ ಕಚೇರಿಯ ಅಕೌಂಟ್ಸ್ ವಿಭಾಗಕ್ಕೂ ಬಗೆಹರಿಯದು.

ಇಷ್ಟನ್ನೂ ಹೇಳಲು ಕಾರಣವಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಮೈದಾನದಲ್ಲಿ ಮರಾಠಿ, ಮನೆಯಲ್ಲಿ ಅರ್ಧ ಕನ್ನಡ ಆಡುತ್ತಾರೆ. ಕನ್ನಡವೆಂದರೆ ಅಜ್ಜಿಯ ಊರಿನದು, ಮೇ ತಿಂಗಳಿನದು ಎಂಬ ಭಾವನೆ ಅವರದು. ಗಡಿಯ ಗಲಾಟೆಯ ಸುದ್ದಿ ಬಂದ ದಿನ ಸೊಸೈಟಿಯ ಗೆಳೆಯರ ನಡುವೆ ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ವಾಶಿಯ ಆ ನಾಮಫಲಕದ ಕೆಳಗೆ ಅವರನ್ನು ನಿಲ್ಲಿಸಿ ಈ ಸಂಗತಿಯನ್ನು ಒಮ್ಮೆ ಹೇಳಿದರೆ, ಇಲ್ಲಿ ತಾವು ನಿನ್ನೆ ಬಂದ ಬಾಡಿಗೆದಾರರಲ್ಲ, ಹಾಗೆಂದು ಮನೆಯ ಯಜಮಾನರೂ ಅಲ್ಲ, ಬಂದು ಹೋಗುವ ಹಳೆಯ ನಂಟರು ಎಂಬುದಾದರೂ ತಿಳಿದೀತು.

ಇದನ್ನು ಹೇಳುವವರು ಯಾರು? ನಡಿಗೆಯ ಗುಂಪಿನವರು ಹೇಳಲಾರರು. ಹೇಳಬೇಕಾದ ನಮ್ಮ ಸಂಘ-ಸಂಸ್ಥೆಗಳು ಈ ಮಂದಿರಗಳಲ್ಲಿ ಮಾಡುತ್ತಿರುವುದೇನು? ಆರು ಗಂಟೆಯ ಕಾರ್ಯಕ್ರಮ ಏಳಕ್ಕೆ ಆರಂಭ. ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹದಿನಾಲ್ಕು ಜನರಿಗೆ ಶಾಲು. ನಾಟಕದ ಪರದೆ ಏಳುವ ಹೊತ್ತಿಗೆ ಅರ್ಧ ಜನ ಲೋಕಲ್ ಹಿಡಿಯಲು ಹೊರಟಿರುತ್ತಾರೆ, ಉಳಿದರ್ಧ ಊಟದ ಸಾಲಿನಲ್ಲಿರುತ್ತಾರೆ. ಯಕ್ಷಗಾನವಾದರೆ ಬಯಲಿಗೆಂದು ಹುಟ್ಟಿದ ಚೆಂಡೆಯ ಮುಂದೆ ಎರಡು ಮೈಕು ಇಟ್ಟು, ಎ.ಸಿ. ಮಂದಿರದ ಮುಚ್ಚಿದ ಗೋಡೆಗಳೊಳಗೆ ಬಾರಿಸಿ, ಭಾಗವತರ ಒಂದು ಅಕ್ಷರವೂ ಕೇಳದಂತೆ ಮಾಡುತ್ತಾರೆ. ಖಾಲಿ ನಾಟಕಗೃಹ ತೋರಿಸುವವರನ್ನು ಟೀಕಿಸುವ ನಾವು ತುಂಬಿದ ನಾಟಕಗೃಹವನ್ನು ಖಾಲಿ ಮಾಡಿಸುವ ಕಲೆಯನ್ನು ಚೆನ್ನಾಗಿ ಕಲಿತಿದ್ದೇವೆ.

ನಮ್ಮದೊಂದು ಸೂಚನೆ. ರಾಜ್ಯೋತ್ಸವ ನವೆಂಬರ್ 1ಕ್ಕೆ, ಮರಾಠಿ ರಂಗಭೂಮಿ ದಿನ ನವೆಂಬರ್ 5ಕ್ಕೆ. ಆ ವಾರದ ಭಾನುವಾರ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಂಘಗಳು ಕೂಡಿ ವಾಶಿಯ ಮಂದಿರವನ್ನು ಒಂದು ದಿನಕ್ಕೆ ಹಿಡಿಯಲಿ. ಮಧ್ಯಾಹ್ನ ಮಕ್ಕಳಿಗೆ ದರ್ಶನ: ಪರದೆಯ ಹಗ್ಗ, ದೀಪದ ಹಲಗೆ, ಬಣ್ಣದ ಕೋಣೆ ಇವನ್ನು ಮುಟ್ಟಿ ನೋಡಲಿ, ಭಾವೆಯವರ ಕಥೆಯನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ ಹೇಳಲಿ. ಸಂಜೆ ಮೊದಲು ನಮ್ಮ ಭಾಗವತರ ಗಣಪತಿ ಸ್ತುತಿ, ಅದರ ಬೆನ್ನಿಗೆ ಮರಾಠಿ ಸಂಗೀತ ನಾಟಕದ ಒಂದು ನಾಂದಿ, ಎರಡೂ ಮೈಕಿಲ್ಲದೆ, ಮಂದಿರ ತುಂಬಿರುವಾಗ. ನೆರೆಮನೆಯ ಮರಾಠಿಯವರಿಗೂ ಕರೆ ಹೋಗಲಿ. ಆಮೇಲೆ ಒಂದು ಪೂರ್ತಿ ಆಟ. ಆರೂವರೆ ಎಂದರೆ ಆರೂವರೆಗೇ ಆರಂಭವಾಗಬೇಕು, ಏಕೆಂದರೆ ವಾಶಿಯಿಂದ ಠಾಣೆಗೆ ಬಂದು ಬದಲಾಪುರದ, ಟಿಟ್ವಾಳಾದ ಗಾಡಿ ಹಿಡಿಯಬೇಕಾದವರಿದ್ದಾರೆ. ಶಾಲು-ಹಾರ ತಂದವರು ಮಧ್ಯಂತರದಲ್ಲಿ ಬಣ್ಣದ ಕೋಣೆಗೆ ಹೋಗಿ ಹಾಕಿ ಬರಬಹುದು.