ಯಾವ ಕಾಲೋನಿ?

ಇಂಗ್ಲಿಷಿನಲ್ಲಿ 'ಕಾಲೋನಿ' ಎಂದರೆ ಹೊರಗಿನವರು ಬಂದು ನೆಲ ಹಿಡಿದು ನೆಲೆಸಿದ ಜಾಗ. ಸಾಕ್ಷಿಗೆ ವೈಟ್‌ಫೀಲ್ಡೇ ಇದೆ. 1882ರಲ್ಲಿ ಮೈಸೂರು ಮಹಾರಾಜರು ಯುರೇಷಿಯನ್, ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟು ಮಾಡಿಸಿದ ಬೇಸಾಯದ ಕಾಲೋನಿ ಅದು. ಅದೇ ಪದ ನಮ್ಮ ಹಳ್ಳಿ ತಲುಪುವಷ್ಟರಲ್ಲಿ ತಲೆಕೆಳಗಾಯಿತು. ಹೊಲಗೇರಿ ಅನ್ನೋಕೆ ಮುಜುಗರಪಡುವವರಿಗೆ 'ಎ.ಕೆ. ಕಾಲೋನಿ' ಸಲೀಸು. ಇಲ್ಲಿರೋದು ಊರೇ ಹೊರಗಿಟ್ಟ ಜನ. ಎಕರೆ ಮಾತೇ ಇಲ್ಲ, ಅಡಿ ಲೆಕ್ಕದ ಸೈಟು.

ಪೀಣ್ಯದ ಪಕ್ಕದಲ್ಲೇ ಜಾಲಹಳ್ಳಿ. ಅಲ್ಲಿನ ಎಚ್‌ಎಂಟಿ ಕಾಲೋನಿ, ಬಿಇಎಲ್ ಕಾಲೋನಿ ಎಂದರೆ ಖಾಯಂ ನೌಕರಿಯ ಗತ್ತು. 'ಎಚ್‌ಎಂಟಿ ಕಾಲೋನಿಯಲ್ಲಿದ್ದೆ' ಅಂದರೆ ಬಾಡಿಗೆ ಮನೆ ಸಿಗುತ್ತೆ. 'ಊರಲ್ಲಿ ಕಾಲೋನಿ' ಅಂದು ನೋಡಿ, ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತೆ.

ನನ್ನ ತಕರಾರು ನಮ್ಮ ಕಥೆಗಾರರ ಮೇಲೆ. 'ಕಾಲೋನಿಯ ಹುಡುಗ' ಎಂದು ಬರೆದು, ಜಾತಿಯ ಹೆಸರೆತ್ತದೆ ಜಾತಿ ತಿಳಿಸುತ್ತಾರೆ; ಅದನ್ನೇ ಸೌಜನ್ಯ ಅಂದುಕೊಳ್ಳುತ್ತಾರೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದೇ ಹೆಸರಿಟ್ಟರು. ಕೇರಿಯನ್ನು ಮುಚ್ಚಿಡಲಿಲ್ಲ.

2024ರಲ್ಲಿ ಕೇರಳ, 2025ರಲ್ಲಿ ತಮಿಳುನಾಡು ಸರ್ಕಾರಗಳು ಈ ಪದವನ್ನು ಕೈಬಿಡುವುದಾಗಿ ಹೇಳಿದವು. ಬಿಡಲಿ, ಬೇಡ ಅನ್ನಲ್ಲ. ಬೋರ್ಡು ಬದಲಾದ ಕೇರಿಯಲ್ಲಿ ಎಷ್ಟು ಮನೆಗೆ ಹಕ್ಕುಪತ್ರ ಬಂತು ಅಂತಲೂ ಬರೆದುಕೊಳ್ಳೋಣ.