ದಂಡಿನ ಚರಿತ್ರೆ ಕಾಣದ ಪರದೆ

ಬೆಂಗಳೂರು ದಂಡುಪ್ರದೇಶದ ಚರಿತ್ರೆಗಳು ಸಾಮಾನ್ಯವಾಗಿ 1809ರಿಂದ ಹೊರಟು ಪರೇಡ್ ಮೈದಾನದಲ್ಲಿ, ಹಲಸೂರಿನ ಸ್ಯಾಪರ್ಸ್ ಪಡೆಯಲ್ಲಿ ನಿಂತುಬಿಡುತ್ತವೆ, ಸಿ.ವಿ. ರಾಮನ್ ನಗರದ ರೇಡಾರ್ ಪ್ರಯೋಗಾಲಯದವರೆಗೆ ಬರುವುದಿಲ್ಲ. ಇದು ನ್ಯೂನತೆಯೇ ಸರಿ. ಪರದೆಯ ಸಂಗತಿಯನ್ನೇ ಪರಿಶೀಲಿಸಬಹುದು. ಸೈನಿಕನ ಬಟ್ಟೆಯ ನಕ್ಷೆ ಮಡಿಸಿದರೆ ಒಡೆಯದು, ವಿದ್ಯುತ್ತನ್ನು ಬೇಡದು. ಆದರೆ ಶತ್ರುವಿನ ಚಲನೆಯನ್ನು ತೋರಿಸಲಾರದು. ಗಾಜಿನ ಪರದೆ ತೋರಿಸೀತು. ಅದು ಒಡೆಯುತ್ತದೆ, ಬ್ಯಾಟರಿಯ ಭಾರವನ್ನೂ ಹೊರಿಸುತ್ತದೆ. ಇವೆರಡರ ಗುಣಗಳನ್ನು ಕೂಡಿಸಲೆಂದೇ ಅಮೆರಿಕದ ಸೇನೆ 2004ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾಗುವ ಪರದೆಗಳ ಕೇಂದ್ರವನ್ನು ತೆರೆಯಿಸಿತು.

ದಂಡಿನ ಎಲ್ಲೆಯ ಹೊರಗಾದರೂ ಇದೇ ನಗರದಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿಯೇ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದಿದ್ದರು. ಅದೇ ಪರದೆಯಾಯಿತೆಂಬ ಹೊಗಳಿಕೆ ಸಲ್ಲದು: ಅದು ಬಳಕೆಗೆ ಬಂದದ್ದು ಪರದೆಯ ನೋಟದ ಕೋನವನ್ನು ಹಿಗ್ಗಿಸುವ ತೆಳುಪೊರೆಯಲ್ಲಿ, ಅದೂ ಜಪಾನಿನ ಕಾರ್ಖಾನೆಯಲ್ಲಿ. ಶೋಧ ಇಲ್ಲಿ, ತಯಾರಿಕೆ ಅಲ್ಲಿ ಏಕಾಯಿತೆಂದು ನಮ್ಮ ಚರಿತ್ರಕಾರರು ಇನ್ನೂ ಕೇಳಿದಂತಿಲ್ಲ.