ಬೇಕಲದಿಂದ ದೇಲಂಪಾಡಿಗೆ: ವಿಹಾರರಸಿಕರಿಗೊಂದು ಕೈಪಿಡಿ

ತುರ್ಕಿಯ ಕುಶಾದಸಿಯಂತಹ ಕಡಲತಡಿಯ ಪಟ್ಟಣದಲ್ಲಿ ಬೀಡುಬಿಟ್ಟ ಪ್ರವಾಸಿಗರು ಬೆಳಗ್ಗೆ ಎಫೆಸಸ್ಸಿನ ಭಗ್ನಾವಶೇಷಗಳನ್ನು ಸುತ್ತಿ, ಹೊತ್ತೇರಿದ ಮೇಲೆ ಶಿರಿಂಜೆಯೆಂಬ ಗುಡ್ಡದೂರನ್ನು ಹತ್ತಿ ಅಲ್ಲಿಯ ಊಟದ ಸವಿ ನೋಡುವ ರೂಢಿಯುಂಟು. ಒಂದು ಹಗಲಿನೊಳಗೆ ಕಣ್ಣನ್ನೂ ನಾಲಗೆಯನ್ನೂ ತಣಿಸುವ ಇಂತಹ ವಿಹಾರವೂ ಒಂದು ಕಲೆಯೆಂದು ಒಪ್ಪುವುದಾದರೆ, ಅದರ ಅಭ್ಯಾಸಕ್ಕೆ ಬೇಕಲದ ತೀರದಿಂದ ದೇಲಂಪಾಡಿಯವರೆಗಿನ ದಾರಿ ಸರ್ವಥಾ ಯೋಗ್ಯವಾದುದು. ಇದರ ಮೊದಲ ಸೂತ್ರವಿಷ್ಟೆ: ನೋಡಿದುದನ್ನೂ ಉಂಡುದನ್ನೂ ಬೇರೆಬೇರೆಯಾಗಿ ಎಣಿಸಬಾರದು.

ಬೇಕಲದಲ್ಲಿ ಅರಮನೆಯನ್ನು ಅರಸುವವನು ನಿರಾಶನಾಗುವನು. ಸುಮಾರು 1650ರಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದ, ನಲವತ್ತು ಎಕರೆಯಷ್ಟು ಹರಹಿನ ಆ ದುರ್ಗವು ಕಾವಲಿಗೆಂದೇ ನಿಂತುದು. ಅಲ್ಲಿ ಮನಗಾಣತಕ್ಕುದು ಮುರಕಲ್ಲನ್ನು. ನೆಲದಡಿಯಲ್ಲಿರುವಾಗ ಕೊಡಲಿಗೆ ಮಣಿಯುವಷ್ಟು ಮೃದುವಾಗಿದ್ದು, ಗಾಳಿಬಿಸಿಲುಗಳಿಗೆ ಒಡ್ಡಿದ ಮೇಲೆ ಗಡುಸಾಗುವ ಆ ರಂಧ್ರಮಯ ಶಿಲೆಯನ್ನು ಅಂಗೈಯಿಂದೊಮ್ಮೆ ಸವರಿ ನೋಡಿಕೊಳ್ಳಿ, ಮುಂದೆ ಅದರ ಗುರುತು ಬೇಕಾಗುವುದು. ಮಾಂಸಾಹಾರಿಗಳು ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ, ಬೇಯಿಸಿ ಹುರಿದ ಮಾಪಿಳ್ಳೆಯರ ಅರಿಕ್ಕಡುಕ್ಕವನ್ನು ಇಲ್ಲಿಯೇ ತಿಂದು ಮುಗಿಸುವುದು ಲೇಸು. ಕಡಲಿನ ರುಚಿಯನ್ನು ಗುಡ್ಡಕ್ಕೆ ಹೊತ್ತೊಯ್ಯಬಾರದು.

ಚಂದ್ರಗಿರಿ ಹೊಳೆಯನ್ನು ದಾಟಿ, ಚೆರ್ಕಳದಲ್ಲಿ ಮೂಡಣಕ್ಕೆ ಹೊರಳಿ, ಬೋವಿಕ್ಕಾನ ಮುಳ್ಳೇರಿಯಗಳ ಮಾರ್ಗವಾಗಿ ಏರುತ್ತ ಹೋದಂತೆ, ಕೊಡಗಿನ ಮಲೆಯಲ್ಲಿ ಹುಟ್ಟಿ ಸುಳ್ಯದ ಸೀಮೆಯನ್ನು ತೊಯ್ಯಿಸಿ ಬರುವ ಅದೇ ಹೊಳೆಯು ಪಯಸ್ವಿನಿಯಾಗಿ ಎದುರಾಗುತ್ತದೆ. ಅಡೂರಿನ ಮಹಾಲಿಂಗೇಶ್ವರನ ಸನ್ನಿಧಿಯಿರುವುದು ಅದರ ದಡದಲ್ಲಿಯೇ. ದೇವಾಲಯದಲ್ಲಿ ಅವಸರ ಬೇಡ. ಆದರೆ ಈ ಸೀಮೆಯ ನಿಜವಾದ ಶಿಲ್ಪವನ್ನು ಕಾಣಬೇಕೆಂದರೆ ಗುಡ್ಡದ ಬುಡದ ಅಡಕೆ ತೋಟಗಳಿಗೇ ಇಳಿಯಬೇಕು.

ಅಲ್ಲಿರುವುದು ಸುರಂಗ. ಕೋಟೆಯ ಗೋಡೆಯಲ್ಲಿ ಕೈಯಿಂದ ಸವರಿದ ಅದೇ ಮುರಕಲ್ಲನ್ನು, ಒಬ್ಬ ಆಳು ತುಸು ಬಗ್ಗಿ ನಡೆಯುವಷ್ಟು ಅಳತೆಗೆ, ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆಯುತ್ತ ಹೋಗಿ, ಒಸರಿನ ನೀರು ಯಂತ್ರದ ನೆರವಿಲ್ಲದೆ ತಾನಾಗಿ ಹೊರಹರಿದು ಮದಕವೆಂಬ ಕೆರೆಯಲ್ಲಿ ನಿಲ್ಲುವಂತೆ ಮಾಡಿದ ಈ ಉಪಾಯಕ್ಕೆ ಪಾರಸೀಕರ ಕನಾತ್ ಎಂಬ ಭೂಗರ್ಭ ಕಾಲುವೆಯು ದೂರದ ಬಂಧುವಾದೀತು. ಆದರೆ ಅದರಲ್ಲಿ ಮೇಲಿನಿಂದ ಸಾಲುಸಾಲಾಗಿ ಬಾವಿಗಳನ್ನು ತೋಡಿ ಕೆಳಗೆ ಕೂಡಿಸುವರು, ಇಲ್ಲಿ ಸಾಮಾನ್ಯವಾಗಿ ಬಾಯಿ ಒಂದೇ. ದೀಪ ಹಿಡಿದು ಒಳನುಗ್ಗುವ ಸಾಹಸ ಬೇಡ. ಬಾಯಲ್ಲಿ ನಿಂತು ತಂಪನ್ನು ಅನುಭವಿಸಿ, ಮನೆಯವರ ಅಪ್ಪಣೆ ಪಡೆದು ಒಂದು ಬೊಗಸೆ ಕುಡಿಯಿರಿ.

ಇನ್ನು ಊಟದ ಮಾತು. ಇದು ಹೋಟೆಲಿನಲ್ಲಿ ದೊರೆಯುವಂತಹದಲ್ಲ, ಪರಿಚಿತರ ಮೂಲಕ ಮುಂಚಿತವಾಗಿ ತಿಳಿಸಿ ಹೋಗತಕ್ಕುದು. ಹವ್ಯಕರ ಮನೆಯ ಜಗಲಿಯನ್ನೇರುತ್ತಲೇ "ಆಸರಿಂಗೆ ಎಂತ ಅಕ್ಕು?" ಎಂದು, ಅಂದರೆ ಬಾಯಾರಿಕೆಗೆ ಏನಾಗಬಹುದೆಂದು, ಕೇಳುವರು; ಆಗ ಚಹವನ್ನು ಬಯಸದೆ ನೀರುಬೆಲ್ಲವನ್ನೇ ಸ್ವೀಕರಿಸುವುದು ರಸಿಕಲಕ್ಷಣ. ಬಾಳೆಲೆಯ ಮೇಲೆ ತಿಮರೆಯೆಂಬ ಒಂದೆಲಗದ ತಂಬುಳಿ, ಗುಜ್ಜೆಯ ಪಲ್ಯ, ಹಲಸಿನ ಬೀಜದ ಬೋಳುಹುಳಿ, ಮೇಲಾರ, ಕಾಟುಮಾವಿನ ಸಾಸಮೆ ಬಂದಾಗ ಎಲ್ಲವನ್ನೂ ಒಟ್ಟಿಗೆ ಕಲಸುವವನು ಅರಸಿಕನೆಂದು ನಾನು ಧಾರಾಳವಾಗಿ ಹೇಳುವೆನು. ತಂಬುಳಿಗೆ ಹಿಡಿಯಷ್ಟೇ ಅನ್ನ; ಬೋಳುಹುಳಿಗೆ ಅದರ ಇಮ್ಮಡಿ. ಕಾಟುಮಾವಿನ ಗೊರಟನ್ನು ಚೀಪಲು ಸಂಕೋಚಪಡುವವರು ಆ ಪದಾರ್ಥವನ್ನು ಬಡಿಸಿಕೊಳ್ಳದಿರುವುದೇ ವಾಸಿ. ತಿಮರೆಯು ಬೆಳೆದುದು ಸುರಂಗದ ನೀರು ಹರಿಯುವ ಕಣಿಯ ಅಂಚಿನಲ್ಲಿ, ಎಲೆಯು ಬಂದುದು ಆ ನೀರುಂಡ ಬಾಳೆಯಿಂದ ಎಂಬುದನ್ನು ಉಣ್ಣುವಾಗ ನೆನೆದರೆ ಬೆಳಗಿನಿಂದ ನೋಡಿದುದೆಲ್ಲ ಎಲೆಯ ಮೇಲೆಯೇ ಕೂಡಿಬರುವುದು.

ಇರುಳಿಗೆ ತಂಗುವ ಅನುಕೂಲವಿದ್ದರೆ, ತಾಳಮದ್ದಳೆಯೇನಾದರೂ ನಡೆಯಲಿದೆಯೇ ಎಂದು ವಿಚಾರಿಸಿಕೊಳ್ಳಿ. ಕೀರಿಕ್ಕಾಡು ಮಾಸ್ತರ್ ವಿಷ್ಣುಭಟ್ಟರು ಬೆಳೆಸಿದ ಬನಾರಿಯ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘವಿರುವ ಊರು ದೇಲಂಪಾಡಿ. ತುಳು, ಮಲೆಯಾಳಗಳೂ ಮನೆಮಾತಾಗಿರುವ ಈ ಗಡಿಯಲ್ಲಿ, ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಪುರಾಣಪುರುಷರ ಪರವಾಗಿ ಶುದ್ಧ ಕನ್ನಡದಲ್ಲಿ ವಾದಿಸುವುದನ್ನು ಕೇಳಿ ಅರಗಿಸಿಕೊಳ್ಳಲು ಹಗುರವಾದ ಊಟವೇ ಹಿತ.

ಕಾಲ ಯಾವುದೆಂದರೆ, ಮರಕೆಸುವಿನ ಪತ್ರೊಡೆಗಾಗಿ ಆಟಿ ತಿಂಗಳ ಮಳೆಯಲ್ಲಿ ಬರುವವರನ್ನು ನಾನು ಆಕ್ಷೇಪಿಸೆನು. ಆದರೆ ಹೊಸಬರು ಮೊದಲ ಸಲ ವೈಶಾಖದಲ್ಲಿಯೇ ಬರಲಿ. ಆಗ ಹಲಸು ಹಣ್ಣಾಗಿರುತ್ತದೆ, ಅಂಗಳದಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಸುರಂಗದ ಧಾರೆ ಸಣ್ಣದಾಗಿರುವುದರಿಂದ ಮನೆಯವರು ನೀರನ್ನು ಎಷ್ಟು ಎಚ್ಚರದಿಂದ ಬಳಸುವರೆಂಬುದೂ ಕಣ್ಣಿಗೆ ಬೀಳುತ್ತದೆ.